ಅನಿಲದ ಒಲೆಯಿಂದ ವಿದ್ಯುತ್ ಒಲೆಗೆ
ಮುಂಬಯಿ ನಗರ ಮತ್ತು ಉಪನಗರಗಳ ಗೃಹಬಳಕೆದಾರರಿಗೆ ಒಂದು ಪಾಠ

ಮುಂಬಯಿಯ ಸಣ್ಣ ಮನೆಗಳಲ್ಲಿ ದಿನವೂ ಕಾಣಬರುವ ಒಂದು ಸಂಗತಿಯಿಂದ ಈ ಪಾಠವನ್ನು ಆರಂಭಿಸಬಹುದು. ಅಡುಗೆಗೆ ನಿಂತವರು ಒಲೆ ಹೊತ್ತಿಸುವ ಮೊದಲು ಮಾಡುವ ಕೆಲಸವೆಂದರೆ ಫ್ಯಾನನ್ನು ನಿಲ್ಲಿಸುವುದು. ಗಾಳಿಗೆ ಜ್ವಾಲೆ ಹೊಯ್ದಾಡುತ್ತದೆ, ಕೆಲವೊಮ್ಮೆ ಆರಿಯೇ ಹೋಗುತ್ತದೆ. ಮೇ ತಿಂಗಳ ಸೆಕೆಯಲ್ಲಿ, ಕಿಟಕಿಯೊಂದೇ ಇರುವ ಕೋಣೆಯಲ್ಲಿ, ಉರಿಯುವ ಒಲೆಯ ಮುಂದೆ ಗಾಳಿಯಿಲ್ಲದೆ ಒಂದೆರಡು ಗಂಟೆ ನಿಲ್ಲುವುದು ಎಷ್ಟು ಕಷ್ಟವೆಂಬುದನ್ನು ಅನುಭವಿಸಿದವರೇ ಬಲ್ಲರು. ಜ್ವಾಲೆಯಿಲ್ಲದ ಒಲೆಯೊಂದು ಮನೆಗೆ ಬಂದರೆ ಈ ಕಷ್ಟವು ತಪ್ಪುತ್ತದೆ. ಆದುದರಿಂದಲೇ ಇಂಡಕ್ಷನ್ ಒಲೆ, ವಿದ್ಯುತ್ ಕುಕ್ಕರ್, ವಿದ್ಯುತ್ ಗೀಸರ್ ಮುಂತಾದವುಗಳ ಕಡೆಗೆ ನಗರವಾಸಿಗಳ ಗಮನ ಹರಿದಿದೆ.

ಕೇಂದ್ರ ಸರ್ಕಾರವೂ ಈ ಬದಲಾವಣೆಗೆ ಉತ್ತೇಜನ ನೀಡುತ್ತಿದೆ. 2002ರಲ್ಲಿ ಸ್ಥಾಪನೆಯಾದ ಇಂಧನ ದಕ್ಷತಾ ಬ್ಯೂರೋ ಗೃಹೋಪಕರಣಗಳಿಗೆ ನಕ್ಷತ್ರ ಚಿಹ್ನೆಯ ಪಟ್ಟಿಯನ್ನು ನೀಡುತ್ತದೆ. 2021ರ ಫೆಬ್ರವರಿಯಲ್ಲಿ ಆರಂಭವಾದ ‘ಗೋ ಎಲೆಕ್ಟ್ರಿಕ್’ ಪ್ರಚಾರಾಂದೋಲನವು ವಿದ್ಯುತ್ ವಾಹನಗಳೊಂದಿಗೆ ವಿದ್ಯುತ್ ಅಡುಗೆಯನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು. 2023ರ ನವೆಂಬರಿನಲ್ಲಿ 20 ಲಕ್ಷ ಇಂಡಕ್ಷನ್ ಒಲೆಗಳನ್ನು ವಿತರಿಸುವ ಗುರಿಯುಳ್ಳ ರಾಷ್ಟ್ರೀಯ ಕಾರ್ಯಕ್ರಮವೊಂದು ಪ್ರಕಟವಾಯಿತು. ಆದರೆ ಪ್ರಚಾರದಿಂದ ಮಾತ್ರ ಮನೆಯ ಒಲೆ ಬದಲಾಗುವುದಿಲ್ಲ, ಅವಸರದಲ್ಲಿ ಬದಲಾಗಲೂಬಾರದು. ಯಾವುದನ್ನು ಮೊದಲು ಬದಲಿಸಬೇಕು, ಯಾವುದನ್ನು ಕೊನೆಗೆ ಬಿಡಬೇಕು, ಖರ್ಚು ಹೆಚ್ಚುವುದೇ ತಗ್ಗುವುದೇ, ಮನೆಯ ತಂತಿಗಳು ಈ ಭಾರವನ್ನು ತಾಳುವುವೇ ಎಂಬ ಪ್ರಶ್ನೆಗಳಿಗೆ ಪ್ರತಿಯೊಂದು ಕುಟುಂಬವೂ ಉತ್ತರ ಕಂಡುಕೊಳ್ಳಬೇಕು. ಆ ಉತ್ತರಕ್ಕೆ ಬೇಕಾದ ತಿಳಿವಳಿಕೆಯನ್ನು ಒದಗಿಸುವುದೇ ಈ ಪಾಠದ ಉದ್ದೇಶ.

ಹಿನ್ನೆಲೆ

ಇಂಧನವನ್ನು ಬದಲಿಸುವುದು ಮುಂಬಯಿಗೆ ಹೊಸ ಅನುಭವವೇನಲ್ಲ. 1860ರ ದಶಕದಲ್ಲಿಯೇ ಬಾಂಬೆ ಗ್ಯಾಸ್ ಕಂಪನಿಯು ಕಲ್ಲಿದ್ದಲಿನಿಂದ ಅನಿಲವನ್ನು ತಯಾರಿಸಿ ಕೊಳವೆಗಳ ಮೂಲಕ ಇಲ್ಲಿಯ ಬೀದಿ ದೀಪಗಳಿಗೆ ಒದಗಿಸಿತ್ತು. 1905ರಲ್ಲಿ ವಿದ್ಯುತ್ ಮತ್ತು ಟ್ರಾಮ್ ಕಂಪನಿ ಸ್ಥಾಪನೆಯಾಯಿತು; 1947ರಲ್ಲಿ ನಗರಪಾಲಿಕೆಯ ಒಡೆತನಕ್ಕೆ ಬಂದ ಅದೇ ಸಂಸ್ಥೆಯನ್ನು ನಾವು ಇಂದು ‘ಬೆಸ್ಟ್’ ಎಂದು ಕರೆಯುತ್ತೇವೆ. 1915ರಲ್ಲಿ ಖೊಪೋಲಿಯ ಜಲವಿದ್ಯುತ್ ಕೇಂದ್ರದಿಂದ ಟಾಟಾ ಸಂಸ್ಥೆಯು ನಗರದ ಗಿರಣಿಗಳಿಗೆ ವಿದ್ಯುತ್ ಪೂರೈಸತೊಡಗಿತು. ಗಿರಣಿಯ ಯಂತ್ರಗಳು ಉಗಿಯನ್ನು ಬಿಟ್ಟು ವಿದ್ಯುತ್ತಿಗೆ ಹೊರಳಿದ ಕಾಲವದು.

ಅಡುಗೆಮನೆಗಳು ಮಾತ್ರ ಬೇರೆಯ ದಾರಿ ಹಿಡಿದವು. ಇದ್ದಿಲಿನ ಶೇಗಡಿ, ಸೀಮೆಎಣ್ಣೆಯ ಸ್ಟೌ, ಅನಂತರ 1950ರ ದಶಕದ ನಡುವಿನಿಂದ ಸಿಲಿಂಡರಿನ ಅನಿಲ ಎಂಬ ಕ್ರಮದಲ್ಲಿ ಅವು ಮುಂದುವರಿದವು. 1995ರಲ್ಲಿ ಮಹಾನಗರ ಗ್ಯಾಸ್ ಸಂಸ್ಥೆ ಸ್ಥಾಪನೆಯಾದ ಬಳಿಕ ಕೊಳವೆಯ ನೈಸರ್ಗಿಕ ಅನಿಲವು ಹಂತಹಂತವಾಗಿ ಕಟ್ಟಡಗಳನ್ನು ತಲುಪಿತು. ಇಂದು ಒಂದೇ ರಸ್ತೆಯಲ್ಲಿ ಕೊಳವೆಯ ಅನಿಲವಿರುವ ಎತ್ತರದ ಕಟ್ಟಡವನ್ನೂ ಸಿಲಿಂಡರನ್ನೇ ನೆಚ್ಚಿದ ಚಾಳನ್ನೂ ಕಾಣಬಹುದು.

ವಿದ್ಯುತ್ ಪೂರೈಕೆಯೂ ಎಲ್ಲೆಡೆ ಒಂದೇ ಸಂಸ್ಥೆಯದಲ್ಲ. ಕೊಲಾಬಾದಿಂದ ಮಾಹಿಮ್ ಮತ್ತು ಸಾಯನ್‌ವರೆಗಿನ ದ್ವೀಪನಗರಕ್ಕೆ ಮುಖ್ಯವಾಗಿ ಬೆಸ್ಟ್. ಉಪನಗರಗಳ ಬಹುಭಾಗಕ್ಕೆ ಅದಾನಿ ಮತ್ತು ಟಾಟಾ ಸಂಸ್ಥೆಗಳು. ಭಾಂಡುಪ್, ಮುಲುಂದ್ ಕಡೆ ಮಹಾವಿತರಣ. ದರಗಳನ್ನು ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗವು ನಿಗದಿಪಡಿಸುತ್ತದೆಯಾದರೂ ಒಂದೊಂದು ಸಂಸ್ಥೆಯ ದರ ಒಂದೊಂದು ಬಗೆ. ಆದಕಾರಣ ದಾದರದ ನೆಂಟರ ಮನೆಗೆ ಲಾಭವಾದ ಬದಲಾವಣೆಯು ಮುಲುಂದಿನ ಮನೆಗೂ ಲಾಭವಾಗಲೇಬೇಕೆಂದಿಲ್ಲ.

ಶಾಖವು ಎಲ್ಲಿಗೆ ಹೋಗುತ್ತದೆ?

ಅನಿಲದ ಒಲೆಯಲ್ಲಿ ಜ್ವಾಲೆಯು ಪಾತ್ರೆಯ ತಳವನ್ನು ಕಾಯಿಸುತ್ತದೆ. ಆದರೆ ಶಾಖದ ಒಂದು ದೊಡ್ಡ ಭಾಗ ಪಾತ್ರೆಯ ಬದಿಯಿಂದ ಹಾದು ಕೋಣೆಯನ್ನು ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಗೃಹಬಳಕೆಯ ಅನಿಲ ಒಲೆಯು ಪ್ರಯೋಗಾಲಯದ ಪರೀಕ್ಷೆಯಲ್ಲಿ ಕನಿಷ್ಠ ಶೇಕಡಾ 68ರಷ್ಟು ದಕ್ಷತೆಯನ್ನು ತೋರಬೇಕು. ಬರ್ನರಿನ ರಂಧ್ರಗಳು ಮುಚ್ಚಿರುವ, ಸಣ್ಣ ಪಾತ್ರೆಯ ಕೆಳಗೆ ದೊಡ್ಡ ಉರಿ ಹಚ್ಚುವ ಮನೆಯಲ್ಲಿ ಅದು ಶೇಕಡಾ 60 ಅಥವಾ ಅದಕ್ಕೂ ಕಡಿಮೆಯಾಗುವುದು ಸಹಜ. ಅಂದರೆ ಹಣ ಕೊಟ್ಟು ತಂದ ಅನಿಲದ ಐದರಲ್ಲಿ ಎರಡು ಪಾಲು ಅಡುಗೆಯವರನ್ನೇ ಬೇಯಿಸುತ್ತದೆ.

ಇಂಡಕ್ಷನ್ ಒಲೆಯ ತತ್ತ್ವವು ಬೇರೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಅದಕ್ಕೆ ಆಧಾರ. ಗಾಜಿನ ಹಾಸಿನ ಕೆಳಗಿರುವ ತಾಮ್ರದ ಸುರುಳಿಯಲ್ಲಿ ಸೆಕೆಂಡಿಗೆ ಹಲವು ಸಾವಿರ ಬಾರಿ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುತ್ತದೆ. ಅದರಿಂದ ಉಂಟಾದ ಕಾಂತಕ್ಷೇತ್ರವು ಮೇಲಿರಿಸಿದ ಕಬ್ಬಿಣದ ಪಾತ್ರೆಯ ತಳದಲ್ಲಿ ಪ್ರವಾಹವನ್ನು ಪ್ರೇರಿಸುತ್ತದೆ. ತಳವು ತಾನೇ ಕಾಯುತ್ತದೆ. ಹಾಸು ಬಿಸಿಯಾಗುವುದು ಪಾತ್ರೆಯ ಸ್ಪರ್ಶದಿಂದ ಮಾತ್ರ. ಆದ್ದರಿಂದ ಇದರ ದಕ್ಷತೆಯು ಸುಮಾರು ಶೇಕಡಾ 85ರಷ್ಟಿರುತ್ತದೆ. ಕೋಣೆಯು ಅಷ್ಟಾಗಿ ಕಾಯುವುದಿಲ್ಲ. ಫ್ಯಾನನ್ನು ನಿಲ್ಲಿಸುವ ಅಗತ್ಯವೂ ಇಲ್ಲ.

ಒಂದು ಸಿಲಿಂಡರಿಗೆ ಎಷ್ಟು ಯೂನಿಟ್?

ಈಗ ಲೆಕ್ಕಕ್ಕೆ ಬರೋಣ. ಗೃಹಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಅನಿಲವಿರುತ್ತದೆ. ಒಂದು ಕಿಲೋಗ್ರಾಂ ಅನಿಲದ ಶಾಖವು ಸುಮಾರು 12.7 ಯೂನಿಟ್ ವಿದ್ಯುತ್ತಿಗೆ ಸಮ. ಹೀಗಾಗಿ ಇಡೀ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ಶಾಖವಿದೆ. ಶೇಕಡಾ 60ರ ದಕ್ಷತೆಯಲ್ಲಿ ಪಾತ್ರೆಯನ್ನು ಸೇರುವುದು 108 ಯೂನಿಟ್. ಇಷ್ಟೇ ಶಾಖವನ್ನು ಇಂಡಕ್ಷನ್ ಒಲೆಯಿಂದ ಪಡೆಯಲು ಬೇಕಾಗುವುದು 108ನ್ನು 0.85ರಿಂದ ಭಾಗಿಸಿದರೆ ದೊರೆಯುವ 127 ಯೂನಿಟ್. ಒಲೆಯು ಹೊಸದಾಗಿದ್ದು ಶೇಕಡಾ 68ರ ದಕ್ಷತೆಯಲ್ಲಿ ಉರಿಯುತ್ತಿದ್ದರೆ ಈ ಸಂಖ್ಯೆ 144ಕ್ಕೆ ಏರುತ್ತದೆ.

ಕೊಳವೆಯ ಅನಿಲಕ್ಕೂ ಇದೇ ಕ್ರಮ. ಬಿಲ್ಲಿನಲ್ಲಿ ನಮೂದಾಗುವ ಒಂದು ಘನಮೀಟರ್ ಅನಿಲದಲ್ಲಿ ಸುಮಾರು 10 ಯೂನಿಟ್ ಶಾಖವಿದೆ. ಅದರಲ್ಲಿ ಪಾತ್ರೆಯನ್ನು ಮುಟ್ಟುವುದು 6 ಯೂನಿಟ್. ಅದಕ್ಕೆ ಬದಲಾಗಿ ಬೇಕಾಗುವ ವಿದ್ಯುತ್ತು ಸುಮಾರು 7 ಯೂನಿಟ್.

ಇದರಿಂದ ನೆನಪಿಡಲು ಸುಲಭವಾದ ಒಂದು ಸೂತ್ರ ದೊರೆಯುತ್ತದೆ. ಸಿಲಿಂಡರಿನ ಬೆಲೆಯನ್ನು 127ರಿಂದ, ಅಥವಾ ಒಂದು ಘನಮೀಟರ್ ಕೊಳವೆ ಅನಿಲದ ಬೆಲೆಯನ್ನು 7ರಿಂದ ಭಾಗಿಸಿರಿ. ಬಂದ ಉತ್ತರವೇ ಸಮತೂಕದ ದರ. ನೀವು ಒಂದು ಯೂನಿಟ್ ವಿದ್ಯುತ್ತಿಗೆ ತೆರುವ ಹಣ ಅದಕ್ಕಿಂತ ಕಡಿಮೆಯಿದ್ದರೆ ವಿದ್ಯುತ್ ಅಡುಗೆ ಅಗ್ಗ, ಹೆಚ್ಚಿದ್ದರೆ ದುಬಾರಿ. ಉದಾಹರಣೆಗೆ ಸಿಲಿಂಡರಿಗೆ 900 ರೂಪಾಯಿ ಎಂದಿಟ್ಟುಕೊಂಡರೆ ಸಮತೂಕದ ದರವು 7 ರೂಪಾಯಿ 9 ಪೈಸೆ. ಕೊಳವೆಯ ಅನಿಲಕ್ಕೆ 49 ರೂಪಾಯಿ ಎಂದಿಟ್ಟುಕೊಂಡರೆ 7 ರೂಪಾಯಿ. ಬೆಲೆಗಳು ಬದಲಾಗುತ್ತವೆ; ಸೂತ್ರವು ಬದಲಾಗುವುದಿಲ್ಲ.

ಇಲ್ಲಿ ಅನೇಕರು ಒಂದು ತಪ್ಪು ಮಾಡುತ್ತಾರೆ. ಬಿಲ್ಲಿನ ಒಟ್ಟು ಹಣವನ್ನು ಒಟ್ಟು ಯೂನಿಟ್‌ಗಳಿಂದ ಭಾಗಿಸಿ ಸರಾಸರಿ ದರವನ್ನು ಹಿಡಿಯುತ್ತಾರೆ. ಮುಂಬಯಿಯಲ್ಲಿ ಗೃಹಬಳಕೆಯ ದರಗಳು ಮೆಟ್ಟಿಲುಗಳಂತಿವೆ: ತಿಂಗಳಿಗೆ 100 ಯೂನಿಟ್‌ವರೆಗೆ ಒಂದು ದರ, 101ರಿಂದ 300ರವರೆಗೆ ಇನ್ನೊಂದು, 301ರಿಂದ 500ರವರೆಗೆ ಮತ್ತೊಂದು, ಅದರಾಚೆಗೆ ಎಲ್ಲಕ್ಕಿಂತ ಹೆಚ್ಚು. ಹೊಸದಾಗಿ ಸೇರುವ ಯೂನಿಟ್‌ಗಳೆಲ್ಲವೂ ಮೇಲಿನ ಮೆಟ್ಟಿಲಿನಲ್ಲಿಯೇ ಸೇರುತ್ತವೆ.

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಅವರಿಗೆ ಒಂದು ಸಿಲಿಂಡರು 45 ದಿನ ಬರುತ್ತದೆ; ತಿಂಗಳಿಗೆ 260 ಯೂನಿಟ್ ವಿದ್ಯುತ್ತು ಖರ್ಚಾಗುತ್ತದೆ. ಅಡುಗೆಯೆಲ್ಲವನ್ನೂ ಇಂಡಕ್ಷನ್ ಒಲೆಗೆ ಒಯ್ದರೆ ತಿಂಗಳಿಗೆ ಸುಮಾರು 85 ಯೂನಿಟ್ ಸೇರಿ 345 ಆಗುತ್ತದೆ. ಈ 85ರಲ್ಲಿ ಮೊದಲ 40 ಯೂನಿಟ್ ಎರಡನೆಯ ಮೆಟ್ಟಿಲಿನವು. ಉಳಿದ 45 ಮೂರನೆಯ ಮೆಟ್ಟಿಲಿನವು. ಆದುದರಿಂದ ಇವರಿಗೆ ಅಡುಗೆಯ ಅರ್ಧದಷ್ಟನ್ನು ಮಾತ್ರ ವಿದ್ಯುತ್ತಿಗೆ ಬದಲಿಸುವುದು ಹಿತಕರವೆನಿಸಬಹುದು. ತಿಂಗಳಿಗೆ 90 ಯೂನಿಟ್ ಮಾತ್ರ ಬಳಸುವ ಚಿಕ್ಕ ಕುಟುಂಬಕ್ಕೆ ಹೊಸ ಯೂನಿಟ್‌ಗಳು ಬಹುಪಾಲು ಎರಡನೆಯ ಮೆಟ್ಟಿಲಿನಲ್ಲಿಯೇ ನಿಲ್ಲುತ್ತವೆ. ಎರಡು ಹವಾನಿಯಂತ್ರಕಗಳಿರುವ ಮನೆಯಲ್ಲಿ ಬೇಸಗೆಯ ತಿಂಗಳುಗಳ ಅಡುಗೆಯು ತುತ್ತತುದಿಯ ದರದಲ್ಲಿ ನಡೆಯುತ್ತದೆ. ಹೀಗೆ ಒಂದೇ ಕಟ್ಟಡದ ಮೂರು ಮನೆಗಳಿಗೆ ಮೂರು ಬಗೆಯ ಉತ್ತರಗಳು ಬರಬಹುದು, ಮೂರೂ ಸರಿಯಾಗಿರಬಹುದು. ದರಕ್ಕೆ ಸಾಗಣೆ ಶುಲ್ಕ, ಇಂಧನ ಹೊಂದಾಣಿಕೆ ಶುಲ್ಕ ಹಾಗೂ ವಿದ್ಯುತ್ ಸುಂಕವನ್ನು ಕೂಡಿಸಿಯೇ ಹೋಲಿಸಬೇಕೆಂಬುದನ್ನು ಮರೆಯಬಾರದು.

ಸ್ನಾನದ ನೀರು

ಶೀತಪ್ರದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವುದೇ ಇಂಧನದ ಅತಿ ದೊಡ್ಡ ಖರ್ಚು. ಮುಂಬಯಿಗೆ ಆ ಚಿಂತೆಯಿಲ್ಲ. ಇಲ್ಲಿ ಕಾಯಿಸಬೇಕಾದುದು ಸ್ನಾನದ ನೀರನ್ನು ಮಾತ್ರ. ಆದರೆ ಪ್ರಾಣಕ್ಕೆ ಸಂಬಂಧಿಸಿದ ವಿಷಯವಿರುವುದೂ ಇಲ್ಲಿಯೇ.

ಅನಿಲದ ಗೀಸರು ಉರಿಯಲು ಆಮ್ಲಜನಕ ಬೇಕು. ಕಿಟಕಿ ಮುಚ್ಚಿದ ಇಕ್ಕಟ್ಟಾದ ಸ್ನಾನದ ಮನೆಯಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಕಡಿಮೆಯಾಗುತ್ತದೆ. ಆಗ ಅನಿಲವು ಪೂರ್ಣವಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಉತ್ಪನ್ನವಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಸ್ನಾನ ಮಾಡುತ್ತಿರುವವರಿಗೆ ತಲೆ ಸುತ್ತಿದಂತಾಗಿ, ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಇಲ್ಲದೆ ಕುಸಿಯುತ್ತಾರೆ. ಮುಂಬಯಿ ಮತ್ತು ಉಪನಗರಗಳಲ್ಲಿ ಈ ಬಗೆಯ ಸಾವುಗಳು ಚಳಿಗಾಲದಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಎಳೆಯ ವಯಸ್ಸಿನವರೂ ಬಲಿಯಾಗಿದ್ದಾರೆ. ಅನಿಲದ ಗೀಸರನ್ನು ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಸ್ಥಳದಲ್ಲಿಯೇ ಅಳವಡಿಸಬೇಕು. ಅದು ಸಾಧ್ಯವಿಲ್ಲದ ಮನೆಯಲ್ಲಿ ಮೊತ್ತಮೊದಲು ಬದಲಾಗಬೇಕಾದುದು ಅಡುಗೆಯ ಒಲೆಯಲ್ಲ, ಈ ಗೀಸರು. ಇದರಲ್ಲಿ ಖರ್ಚಿನ ಲೆಕ್ಕ ನೋಡಬಾರದು.

ಹಾಗೆಂದು ಖರ್ಚೇನೂ ಭಾರಿಯಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಒಂದು ಕಿಲೋಕ್ಯಾಲರಿ ಶಾಖ ಬೇಕು. ಒಂದು ಯೂನಿಟ್ ವಿದ್ಯುತ್ತು 860 ಕಿಲೋಕ್ಯಾಲರಿಗೆ ಸಮ. 15 ಲೀಟರಿನ ಗೀಸರಿನಲ್ಲಿ 25 ಡಿಗ್ರಿಯ ನೀರನ್ನು 60 ಡಿಗ್ರಿಗೆ ಕಾಯಿಸಲು 525 ಕಿಲೋಕ್ಯಾಲರಿ, ಅಂದರೆ ಸುಮಾರು 0.6 ಯೂನಿಟ್ ಸಾಕು. ಈ 15 ಲೀಟರಿಗೆ 20 ಲೀಟರ್ ತಣ್ಣೀರನ್ನು ಬೆರೆಸಿದರೆ 40 ಡಿಗ್ರಿಯ 35 ಲೀಟರ್ ಹದವಾದ ನೀರು ಸಿದ್ಧವಾಗುತ್ತದೆ. ನಾಲ್ವರು ತಲಾ 20 ಲೀಟರ್ ಬಳಸಿದರೆ ದಿನಕ್ಕೆ ಸುಮಾರು ಒಂದೂವರೆ ಯೂನಿಟ್, ತಿಂಗಳಿಗೆ 45 ಯೂನಿಟ್. ಎರಡು ಕಿಲೋವ್ಯಾಟ್ ಗೀಸರಿಗೆ ಒಮ್ಮೆ ತುಂಬಿದ 15 ಲೀಟರನ್ನು ಕಾಯಿಸಲು 20 ನಿಮಿಷ ಸಾಕು. ದಿನವಿಡೀ ಗುಂಡಿ ಒತ್ತಿಟ್ಟರೆ ಮಾತ್ರ ತೊಟ್ಟಿಯಿಂದ ಸೋರುವ ಶಾಖಕ್ಕೂ ಹಣ ತೆರಬೇಕಾಗುತ್ತದೆ.

ಕಟ್ಟಡದ ಮಾಳಿಗೆಯಲ್ಲಿ ಜಾಗವಿದ್ದರೆ ಸೌರ ಜಲತಾಪಕವು ಇನ್ನೂ ಉತ್ತಮ. ಗಾಳಿಯಲ್ಲಿನ ಶಾಖವನ್ನು ಹೀರಿ ನೀರಿಗೆ ಸೇರಿಸುವ ‘ಹೀಟ್ ಪಂಪ್’ ಎಂಬ ಉಪಕರಣವು ಒಂದು ಯೂನಿಟ್ ವಿದ್ಯುತ್ತಿನಿಂದ ಸುಮಾರು ಮೂರು ಯೂನಿಟ್‌ನಷ್ಟು ಶಾಖವನ್ನು ಒದಗಿಸಬಲ್ಲದು. ಮುಂಬಯಿಯ ಬೆಚ್ಚನೆಯ ಹವೆ ಅದಕ್ಕೆ ಅನುಕೂಲವೇ. ಅದರ ಬೆಲೆ ಹೆಚ್ಚು, ಗಾತ್ರವೂ ದೊಡ್ಡದು. ಒಂಟಿ ಮನೆಗಿಂತ ಸಹಕಾರಿ ವಸತಿ ಸಂಘಗಳಿಗೆ ಅದು ಹೆಚ್ಚು ಒಪ್ಪುತ್ತದೆ.

ತಂತಿಗಳ ಬಲಾಬಲ

ಅನಿಲದ ಅಪಾಯವನ್ನು ಕಳೆಯಹೋಗಿ ಬೆಂಕಿಯ ಅಪಾಯವನ್ನು ತಂದುಕೊಳ್ಳಬಾರದು. 2,000 ವ್ಯಾಟ್ ಇಂಡಕ್ಷನ್ ಒಲೆಯು 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ದೀಪ, ಫ್ಯಾನುಗಳಿಗೆಂದು ಹಾಕಿದ ಸಣ್ಣ ಸಾಕೆಟ್ 6 ಆಂಪಿಯರಿನದು. ಅಲ್ಲಿಗೆ ದೊಡ್ಡ ಪಿನ್ನಿನ ಒಲೆಯನ್ನು ಜೋಡುಪ್ಲಗ್ಗಿನ ಮೂಲಕ ಸಿಕ್ಕಿಸಿದರೆ ತಂತಿಯ ಹೊದಿಕೆ ಒಳಗೊಳಗೇ ಕರಗುತ್ತದೆ. ಸುಟ್ಟ ವಾಸನೆ ಬರುವ ವೇಳೆಗೆ ಗೋಡೆಯೊಳಗೆ ಆಗಬೇಕಾದ ಹಾನಿ ಆಗಿರುತ್ತದೆ. ಪ್ರತಿಯೊಂದು ದೊಡ್ಡ ಉಪಕರಣಕ್ಕೂ 16 ಆಂಪಿಯರಿನ ಸಾಕೆಟ್, ಅದಕ್ಕೆ ನೇರವಾಗಿ ಬರುವ ದಪ್ಪ ತಾಮ್ರದ ತಂತಿ, ಪ್ರತ್ಯೇಕ ಎಂ.ಸಿ.ಬಿ. ಇರಲೇಬೇಕು. ಇಡೀ ಮನೆಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇದ್ದರೆ ಒದ್ದೆ ಕೈಯಿಂದ ಮುಟ್ಟಿದಾಗ ವಿದ್ಯುತ್ತು ಕ್ಷಣದಲ್ಲಿ ಕಡಿತವಾಗಿ ಪ್ರಾಣ ಉಳಿಯುತ್ತದೆ. ಭೂಸಂಪರ್ಕವು ಸರಿಯಾಗಿದೆಯೇ ಎಂಬುದನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಪರೀಕ್ಷಿಸಬೇಕು. ಹಳೆಯ ಚಾಳುಗಳಲ್ಲಿಯೂ ದಶಕಗಳ ಹಿಂದಿನ ಕಟ್ಟಡಗಳಲ್ಲಿಯೂ ಇದು ವಿಶೇಷ ಮುಖ್ಯ.

ಎರಡನೆಯದಾಗಿ ಮಂಜೂರಾದ ವಿದ್ಯುದ್ಭಾರ. ಇದು ಬಿಲ್ಲಿನಲ್ಲಿಯೇ ಕಿಲೋವ್ಯಾಟ್‌ಗಳಲ್ಲಿ ಮುದ್ರಿತವಾಗಿರುತ್ತದೆ. ಒಲೆ 2,000, ಗೀಸರ್ 2,000, ಹವಾನಿಯಂತ್ರಕ 1,500, ಶೀತಕ ಪೆಟ್ಟಿಗೆ ಮತ್ತು ಬಟ್ಟೆ ಒಗೆಯುವ ಯಂತ್ರ ಸೇರಿ 500 ವ್ಯಾಟ್ ಒಮ್ಮೆಲೇ ನಡೆದರೆ 6 ಕಿಲೋವ್ಯಾಟ್, ಅಂದರೆ 26 ಆಂಪಿಯರ್. ಮಂಜೂರಾತಿ ಅದಕ್ಕಿಂತ ಕಡಿಮೆಯಿದ್ದರೆ ವಿತರಣಾ ಸಂಸ್ಥೆಗೆ ಅರ್ಜಿ ಸಲ್ಲಿಸಿ ಹೆಚ್ಚಿಸಿಕೊಳ್ಳಬೇಕು. ಸಣ್ಣ ಮನೆಗಳವರು ಒಂದು ಶಿಸ್ತನ್ನು ಪಾಲಿಸಿಯೂ ಕೆಲಸ ಸಾಗಿಸಬಹುದು: ಗೀಸರನ್ನು ಆರಿಸಿದ ಮೇಲೆಯೇ ಒಲೆಯನ್ನು ಹಚ್ಚುವುದು.

ಮೂರನೆಯದು ಇಡೀ ಕಟ್ಟಡದ ಪ್ರಶ್ನೆ. ನಾಲ್ವತ್ತು ಮನೆಗಳಿರುವ ಕಟ್ಟಡದಲ್ಲಿ ಎಲ್ಲರೂ ಬೆಳಗಿನ ಎಂಟು ಗಂಟೆಗೆ ಎರಡು ಕಿಲೋವ್ಯಾಟ್‌ನ ಒಲೆ ಹಚ್ಚಿದರೆ 80 ಕಿಲೋವ್ಯಾಟ್ ಹೊಸ ಭಾರ ಒಮ್ಮೆಲೇ ಬೀಳುತ್ತದೆ. ಮೀಟರ್ ಕೋಣೆಯಿಂದ ಮೇಲೇರುವ ಮುಖ್ಯ ತಂತಿಯು ಕಟ್ಟಡ ಕಟ್ಟಿದಂದಿನ ಲೆಕ್ಕಕ್ಕೆ ಹಾಕಿದ್ದು. ಆದ್ದರಿಂದ ಹಲವು ಮನೆಗಳು ಬದಲಾಗುವ ಮುನ್ನ ವಸತಿ ಸಂಘದ ಸಭೆಯಲ್ಲಿ ಈ ವಿಷಯವನ್ನು ಚರ್ಚಿಸಿ ವಿತರಣಾ ಸಂಸ್ಥೆಯಿಂದ ಪರಿಶೀಲನೆ ಮಾಡಿಸುವುದು ವಿವೇಕ.

ಪಾತ್ರೆ ಮತ್ತು ರೂಢಿ

ಇಂಡಕ್ಷನ್ ಒಲೆಗೆ ಎಲ್ಲ ಪಾತ್ರೆಗಳೂ ಒಗ್ಗುವುದಿಲ್ಲ. ಅಯಸ್ಕಾಂತವು ತಳಕ್ಕೆ ಅಂಟಿಕೊಂಡರೆ ಆ ಪಾತ್ರೆ ನಡೆಯುತ್ತದೆ. ಜಾರಿ ಬಿದ್ದರೆ ನಡೆಯದು. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಮತ್ತು ಕಲ್ಲಿನ ಪಾತ್ರೆಗಳು ಸಾಮಾನ್ಯವಾಗಿ ನಿರುಪಯುಕ್ತ. ಕರಾವಳಿಯ ಮನೆಗಳ ದೋಸೆಯ ಕಬ್ಬಿಣದ ಕಾವಲಿಯು ತಳ ಚಪ್ಪಟೆಯಾಗಿದ್ದರೆ ಸೊಗಸಾಗಿ ಕಾಯುತ್ತದೆ. ಇಡ್ಲಿ, ಕಡುಬುಗಳ ಹಬೆಯ ಅಡುಗೆಗೆ ತೊಂದರೆಯಿಲ್ಲ. ಪಾತ್ರೆಯ ತಳ ಮಾತ್ರ ಕಬ್ಬಿಣಾಂಶವುಳ್ಳದ್ದಾಗಿರಬೇಕು. ಅನ್ನ, ಬೇಳೆ, ಹಾಲು, ಚಹಾಗಳಿಗೆ ಈ ಒಲೆಯಷ್ಟು ಅನುಕೂಲವಾದುದು ಇನ್ನೊಂದಿಲ್ಲ. ಒಗ್ಗರಣೆಯ ಸಣ್ಣ ಸೌಟನ್ನು ಕೆಲವು ಒಲೆಗಳು ಗುರುತಿಸುವುದಿಲ್ಲ. ಅಗಲ ತಳದ ಬಾಣಲೆಯಲ್ಲಿ ಒಗ್ಗರಣೆ ಹಾಕುವುದನ್ನು ರೂಢಿಸಿಕೊಳ್ಳಬೇಕು.

ಕಷ್ಟವಿರುವುದು ಕೆಂಡ ಅಥವಾ ಜ್ವಾಲೆಯನ್ನೇ ಬೇಡುವ ತಿನಿಸುಗಳಿಗೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿಯನ್ನು ಹಂಚಿನಿಂದ ತೆಗೆದು ಉರಿಗೆ ಹಿಡಿದಾಗಲೇ ಅದು ಉಬ್ಬುವುದು. ಬದನೆಕಾಯಿ ಸುಡುವುದಕ್ಕೂ ಹಪ್ಪಳ ಸುಡುವುದಕ್ಕೂ ಉರಿಯೇ ಬೇಕು. ಇಂಥ ಮನೆಗಳವರು ಕೆಂಪಗೆ ಕಾಯುವ ಸುರುಳಿಯ ಇನ್‌ಫ್ರಾರೆಡ್ ಒಲೆಯನ್ನು ಬಳಸಬಹುದು. ಅದರ ಮೇಲೆ ಯಾವ ಲೋಹದ ಪಾತ್ರೆಯೂ ನಡೆಯುತ್ತದೆ. ಆದರೆ ದಕ್ಷತೆಯು ಇಂಡಕ್ಷನ್ನಿಗಿಂತ ಕಡಿಮೆ, ಹಾಸು ಬಹಳ ಹೊತ್ತು ಬಿಸಿಯಾಗಿರುವುದರಿಂದ ಮಕ್ಕಳ ಬಗ್ಗೆ ಎಚ್ಚರ ಬೇಕು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಇಂಡಕ್ಷನ್ ಒಲೆಯನ್ನು ಬಳಸುವ ಮುನ್ನ ವೈದ್ಯರ ಸಲಹೆ ಪಡೆಯತಕ್ಕದ್ದು.

ವಿದ್ಯುತ್ತು ಇಲ್ಲದ ದಿನ

ಮುಂಬಯಿಯ ವಿದ್ಯುತ್ ಪೂರೈಕೆಯು ದೇಶದ ಇತರ ಅನೇಕ ನಗರಗಳಿಗಿಂತ ನೆಚ್ಚಿಕೆಗೆ ಅರ್ಹವಾದುದು. ಆದರೂ 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಉಪನಗರಗಳ ಹಲವು ಬಡಾವಣೆಗಳು ವಿದ್ಯುತ್ತಿಲ್ಲದೆ ಕಾಲ ಕಳೆದವು. ನೀರು ತುಂಬಿದ ಸ್ಥಳದಲ್ಲಿ ಸುರಕ್ಷತೆಗಾಗಿಯೇ ಪೂರೈಕೆಯನ್ನು ಕಡಿತಗೊಳಿಸಬೇಕಾಗುತ್ತದೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಹೊರಗಿನಿಂದ ವಿದ್ಯುತ್ ತರುವ ಮಾರ್ಗಗಳು ವಿಫಲವಾಗಿ ಇಡೀ ಮಹಾನಗರವೇ ಸ್ತಬ್ಧವಾಯಿತು. ಆ ಕೊರತೆಯನ್ನು ನೀಗಿಸಲು ಖಾರ್‌ಘರ್‌ನಿಂದ ವಿಕ್ರೋಲಿಗೆ ಬರುವ 400 ಕಿಲೋವೋಲ್ಟ್ ಮಾರ್ಗವು 2023ರಲ್ಲಿ ಕಾರ್ಯಾರಂಭ ಮಾಡಿದೆ.

ಮಗುವಿನ ಹಾಲು, ರೋಗಿಯ ಗಂಜಿ ಇವು ವಿದ್ಯುತ್ತು ಬರುವವರೆಗೆ ಕಾಯುವುದಿಲ್ಲ. ಆದ್ದರಿಂದ ಕನಿಷ್ಠ ಒಂದು ಮಳೆಗಾಲವನ್ನು ಪೂರ್ತಿ ಕಳೆಯುವವರೆಗಾದರೂ ಅನಿಲ ಸಂಪರ್ಕವನ್ನು ಉಳಿಸಿಕೊಳ್ಳುವುದು ಜಾಣತನ. ಬಳಕೆ ಕಡಿಮೆಯಾದರೂ ರಬ್ಬರ್ ಕೊಳವೆಯನ್ನು ಅವಧಿಗೆ ಸರಿಯಾಗಿ ಬದಲಿಸಬೇಕು, ರೆಗ್ಯುಲೇಟರನ್ನು ಮುಚ್ಚಿಟ್ಟಿರಬೇಕು. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರ. ಸೋರಿದಾಗ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಕೊಳವೆಯ ಅನಿಲ ಹಗುರ, ಮೇಲಕ್ಕೇರುತ್ತದೆ. ಎರಡರಲ್ಲಿ ಯಾವುದೇ ಸೋರಿದರೂ ವಿದ್ಯುತ್ ಗುಂಡಿಗಳನ್ನು ಮುಟ್ಟದೆ ಕಿಟಕಿ ಬಾಗಿಲುಗಳನ್ನು ತೆರೆಯಬೇಕು. ಸಿಲಿಂಡರಿನ ಸೋರಿಕೆಗೆ 1906 ಸಂಖ್ಯೆಯ ಸಹಾಯವಾಣಿ ಇದೆ. ಕೊಳವೆಯ ಅನಿಲಕ್ಕೆ ಬಿಲ್ಲಿನಲ್ಲಿ ಮುದ್ರಿಸಿರುವ ತುರ್ತು ಸಂಖ್ಯೆಯನ್ನು ಬರೆದು ಗೋಡೆಗೆ ಅಂಟಿಸಿರಬೇಕು.

ದೇಶ ಮತ್ತು ಪರಿಸರ

ನಮ್ಮ ದೇಶವು ಬಳಸುವ ಸಿಲಿಂಡರ್ ಅನಿಲದಲ್ಲಿ ಅರ್ಧಕ್ಕೂ ಹೆಚ್ಚು, ನೈಸರ್ಗಿಕ ಅನಿಲದಲ್ಲಿ ಅರ್ಧದಷ್ಟು ಹೊರದೇಶಗಳಿಂದ ಬರುತ್ತದೆ. ಸೂರ್ಯ, ಗಾಳಿ, ನೀರು ಮತ್ತು ಕಲ್ಲಿದ್ದಲು ನಮ್ಮಲ್ಲಿಯೇ ಇವೆ. ಆಮದಿನ ಹೊರೆಯನ್ನು ಇಳಿಸುವ ದೃಷ್ಟಿಯಿಂದ ವಿದ್ಯುತ್ ಒಲೆಗೆ ಸಮರ್ಥನೆಯಿದೆ.

ಪರಿಸರದ ವಿಷಯದಲ್ಲಿ ಮಾತ್ರ ಉಳಿದುದನ್ನೂ ಹೇಳಬೇಕು. ಒಂದು ಸಿಲಿಂಡರ್ ಉರಿದರೆ ಸುಮಾರು 42 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುವುದರಿಂದ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋಗ್ರಾಂ ಹೊರಬೀಳುತ್ತದೆ; 127 ಯೂನಿಟ್‌ಗೆ ಇದು 89 ಕಿಲೋಗ್ರಾಂ. ಅಂದರೆ ವಿದ್ಯುತ್ ಒಲೆಯು ಮನೆಯೊಳಗಿನ ಗಾಳಿಯನ್ನು ಇಂದೇ ಶುದ್ಧಗೊಳಿಸುತ್ತದೆ. ಹೊರಗಿನ ಆಕಾಶವನ್ನು ಶುದ್ಧಗೊಳಿಸುವುದು ಸೌರ ಮತ್ತು ಪವನ ವಿದ್ಯುತ್ತಿನ ಪಾಲು ಹೆಚ್ಚಿದಷ್ಟೂ ಸಾಧ್ಯವಾಗುತ್ತದೆ. ಹಗಲಿನಲ್ಲಿ ಸೌರ ವಿದ್ಯುತ್ತು ಸಮೃದ್ಧವಾಗಿರುವಾಗ ಅಡುಗೆ ಮಾಡಿದರೆ ಈ ಲಾಭ ಹೆಚ್ಚು. ಸ್ಮಾರ್ಟ್ ಮೀಟರ್ ಇರುವ ಮನೆಯವರು ಹಗಲಿನ ಬಳಕೆಗೆ ರಿಯಾಯಿತಿ ಇದೆಯೇ ಎಂಬುದನ್ನು ತಮ್ಮ ವಿತರಣಾ ಸಂಸ್ಥೆಯಲ್ಲಿ ವಿಚಾರಿಸಬೇಕು.

ಬದಲಾವಣೆಯ ಕ್ರಮ

ಇದುವರೆಗೆ ಹೇಳಿದುದನ್ನು ಕ್ರಮವಾಗಿ ಹೀಗೆ ಸಂಗ್ರಹಿಸಬಹುದು:

1. ಮೊದಲು ತಂತಿ, ಸಾಕೆಟ್, ಭೂಸಂಪರ್ಕ ಮತ್ತು ಆರ್.ಸಿ.ಸಿ.ಬಿ. ಪರೀಕ್ಷೆ ಮಾಡಿಸಿರಿ. ಉಪಕರಣವನ್ನು ಕೊಳ್ಳುವುದು ಅದರ ಅನಂತರ.

2. ಸ್ನಾನದ ಮನೆಯೊಳಗೆ ಅನಿಲದ ಗೀಸರಿದ್ದರೆ ಅದನ್ನು ತಡಮಾಡದೆ ತೆಗೆಸಿರಿ. ಹೊಸ ವಿದ್ಯುತ್ ಗೀಸರಿಗೆ ಐ.ಎಸ್.ಐ. ಮುದ್ರೆಯೂ ಹೆಚ್ಚು ನಕ್ಷತ್ರಗಳೂ ಇರಲಿ.

3. ಮುಂದೆ ಒಂದೇ ಒಂದು ಇಂಡಕ್ಷನ್ ಒಲೆಯನ್ನು ತಂದು ಹಾಲು, ಚಹಾ, ಅನ್ನ, ಬೇಳೆಗಳನ್ನು ಅದರ ಮೇಲೆ ಮಾಡಿರಿ.

4. ಮೂರು ತಿಂಗಳ ಬಿಲ್ಲುಗಳನ್ನು ಹೋಲಿಸಿ ಹೊಸ ಯೂನಿಟ್‌ಗಳು ಯಾವ ಮೆಟ್ಟಿಲಿನಲ್ಲಿ ಬಿದ್ದಿವೆಯೆಂದು ನೋಡಿರಿ.

5. ಒಂದು ಮಳೆಗಾಲ ಕಳೆದ ಮೇಲೆ ಅನಿಲವನ್ನು ಪೂರ್ತಿಯಾಗಿ ಬಿಡಬೇಕೇ ಎಂಬುದನ್ನು ನಿರ್ಧರಿಸಿರಿ. ಬಿಡುವುದಾದರೆ ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ವಿತರಕರಿಗೆ ಒಪ್ಪಿಸಿ ಠೇವಣಿಯನ್ನು ಹಿಂಪಡೆಯಿರಿ. ಕೊಳವೆಯ ಸಂಪರ್ಕವನ್ನು ಸಂಸ್ಥೆಯ ಸಿಬ್ಬಂದಿಯೇ ಮುಚ್ಚಬೇಕು. ಸ್ವಂತ ಕೈಯಿಂದ ಮುಟ್ಟಬಾರದು.

ಮನೆಯಲ್ಲಿ ಮಾಡಿ ನೋಡಿ

1. ಅಯಸ್ಕಾಂತದ ಚೂರೊಂದನ್ನು ಹಿಡಿದು ನಿಮ್ಮ ಪಾತ್ರೆಗಳನ್ನು ಎರಡು ಗುಂಪು ಮಾಡಿರಿ. ಹೊಸದಾಗಿ ಎಷ್ಟು ಪಾತ್ರೆ ಕೊಳ್ಳಬೇಕಾಗುತ್ತದೆ?

2. ಕಳೆದ ವಿದ್ಯುತ್ ಬಿಲ್ಲಿನಿಂದ ಮಂಜೂರಾದ ವಿದ್ಯುದ್ಭಾರವನ್ನೂ ಕೊನೆಯ ಮೆಟ್ಟಿಲಿನ ದರವನ್ನೂ ಬರೆದುಕೊಳ್ಳಿರಿ. ಸಿಲಿಂಡರಿನ ಬೆಲೆಯನ್ನು 127ರಿಂದ ಭಾಗಿಸಿ ಹೋಲಿಸಿರಿ.

3. ಅನಿಲದ ಒಲೆಯ ಜ್ವಾಲೆಯನ್ನು ಗಮನಿಸಿರಿ. ಅದು ನೀಲಿಯಾಗಿದೆಯೇ, ಹಳದಿಯಾಗಿದೆಯೇ? ಹಳದಿಯಾಗಿದ್ದರೆ ಬರ್ನರನ್ನು ಸ್ವಚ್ಛಗೊಳಿಸಿರಿ. ಈ ಉಳಿತಾಯಕ್ಕೆ ಯಾವ ಬಂಡವಾಳವೂ ಬೇಡ.

ಒಲೆಯನ್ನು ಬದಲಿಸುವುದು ಮನೆಯ ಹಿರಿಯರೊಬ್ಬರೇ ತೀರ್ಮಾನಿಸಬೇಕಾದ ವಿಷಯವಲ್ಲ. ದಿನವೂ ಅದರ ಮುಂದೆ ನಿಲ್ಲುವವರ ಮಾತಿಗೆ ಮೊದಲ ಮನ್ನಣೆ ಸಲ್ಲಬೇಕು. ಅವರು ಲೆಕ್ಕವನ್ನೂ ಸುರಕ್ಷತೆಯನ್ನೂ ಅರಿತು ಒಪ್ಪಿದ ಬದಲಾವಣೆಯೇ ಮನೆಯಲ್ಲಿ ಬಹುಕಾಲ ನಿಲ್ಲುತ್ತದೆ.